ಐವತ್ತರ ಮರಿಯಾ ಇನೆಸ್, ಮೂವತ್ಮೂರರ ಅಲೆಹಾಂದ್ರೊ: ಯಾವ ಆವೃತ್ತಿ ನೋಡಬೇಕು?

ಒನ್‌ಲೈನ್_ರಾಯರು
ವಯಸ್ಸಿನ ಅಂತರದ ಪ್ರೀತಿ ಇಟ್ಟುಕೊಂಡು 80 ಕಂತಿಗೆ ಕಥೆ ಹೆಣೆಯಬೇಕಿದೆ. ಹೆಂಗಸು ದೊಡ್ಡವಳು, ಗಂಡಸು ಚಿಕ್ಕವನು. ಇದಕ್ಕೆ ಮೆಕ್ಸಿಕೋದ ಟಿವಿ ಸೀರಿಯಲ್ ‘ಮಿರಾದಾ ದೆ ಮುಹೇರ್’ (1997) ನೋಡದೆ ಪೆನ್ನು ಮುಟ್ಟಬೇಡ ಅಂತ ಕೇಳಿದವರೆಲ್ಲ ಹೇಳ್ತಾರೆ. ಸಾರಾಂಶ ಗೊತ್ತು: ಐವತ್ತರ ಗೃಹಿಣಿ ಮರಿಯಾ ಇನೆಸ್, ಬೆಳೆದ ಮೂರು ಮಕ್ಕಳು. ಗಂಡ ಇಗ್ನಾಸಿಯೊ ಚಿಕ್ಕ ಪ್ರಾಯದ ಡಾನಿಯೆಲಾ ಹಿಂದೆ ಹೋಗ್ತಾನೆ. ಆಮೇಲೆ ಇವಳ ಬದುಕಿಗೆ ಹದಿನೇಳು ವರ್ಷ ಚಿಕ್ಕವನಾದ ಬರಹಗಾರ ಅಲೆಹಾಂದ್ರೊ ಬರ್ತಾನೆ.

ನನ್ನ ಪ್ರಶ್ನೆ ಎರಡು. 2007ರದ್ದು, 2021ರದ್ದು ಅಂತ ಇದೇ ಕಥೆಯ ಬೇರೆ ಆವೃತ್ತಿಗಳೂ ಇವೆಯಲ್ಲ, ಯಾವುದರಲ್ಲಿ ಕಲಿಯೋದು ಜಾಸ್ತಿ? ಪೂರ್ತಿ ನೋಡೋಕೆ ಪುರುಸೊತ್ತು ಇಲ್ಲದವರು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು?

ಎಡಿಟ್_ಮೇಜು
1997. ಬೇರೆ ಯೋಚನೆ ಬೇಡ.

ಹಳೇ_ಆಂಟೆನಾ
ಮೊದಲು ವಂಶಾವಳಿ ಸರಿ ಮಾಡ್ಕೊಳ್ಳಿ ರಾಯರೇ. ಕಥೆ ಹುಟ್ಟಿದ್ದು ಮೆಕ್ಸಿಕೋದಲ್ಲಿ ಅಲ್ಲ, ಕೊಲಂಬಿಯಾದಲ್ಲಿ. 1993ರ ‘ಸೆನ್ಯೋರಾ ಇಸಬೆಲ್’, ಬರೆದವರು ಬೆರ್ನಾರ್ದೊ ರೊಮೆರೊ ಪೆರೆಯ್ರೊ ಮತ್ತು ಮೊನಿಕಾ ಅಗುದೆಲೊ. ಅದನ್ನು ಮೆಕ್ಸಿಕೋಗೆ ತಂದಿದ್ದು ಅರ್ಗೋಸ್ ಅನ್ನೋ ನಿರ್ಮಾಣ ಸಂಸ್ಥೆ, ಟಿವಿ ಅಸ್ತೆಕಾ ವಾಹಿನಿಗೆ. ನಿರ್ದೇಶನ ಆಂತೋನಿಯೊ ಸೆರಾನೊ. ಮರಿಯಾ ಇನೆಸ್ ಆಗಿ ಆಂಹೆಲಿಕಾ ಅರಗೋನ್, ಅಲೆಹಾಂದ್ರೊ ಆಗಿ ಆರಿ ತೆಲ್ಚ್, ಗಂಡನಾಗಿ ಫರ್ನಾಂದೊ ಲುಹಾನ್.

ಟಿವಿ ಅಸ್ತೆಕಾ ಯಾಕೆ ಮುಖ್ಯ ಅಂದ್ರೆ, 1993ರಲ್ಲಿ ಸರಕಾರಿ ವಾಹಿನಿಗಳನ್ನು ಖಾಸಗಿಯವರಿಗೆ ಮಾರೋವರೆಗೂ ಅಲ್ಲಿ ಟೆಲಿನೊವೆಲಾ (ಅವರ ಟಿವಿ ಸೀರಿಯಲ್) ಅಂದ್ರೆ ತೆಲೆವೀಸಾ ಅನ್ನೋ ಹಳೇ ಖಾಸಗಿ ವಾಹಿನಿ, ತೆಲೆವೀಸಾ ಅಂದ್ರೆ ಟೆಲಿನೊವೆಲಾ. ಬಡವರ ಮನೆ ಹುಡುಗಿ, ಸಾಹುಕಾರರ ಮಗ, ಕೊನೇ ಕಂತಲ್ಲಿ ಚರ್ಚಿನ ಮದುವೆ. ಅದರ ಎದುರು ಹೊಸ ವಾಹಿನಿ ಅದೇ ಸರಕನ್ನೇ ಮಾರಿದ್ರೆ ಯಾರೂ ಚಾನೆಲ್ ಬದಲಾಯಿಸ್ತಿರಲಿಲ್ಲ. 1996ರಲ್ಲಿ ‘ನಾದಾ ಪೆರ್ಸೊನಾಲ್’ ಮಾಡಿ ರಾಜಕೀಯ ಭ್ರಷ್ಟಾಚಾರದ ಕಥೆ ಹೇಳಿದ್ರು, ಮರುವರ್ಷ ಇದು.

2007ರ ‘ವಿಕ್ಟೋರಿಯಾ’ ತೆಲೆಮುಂದೊ ಅನ್ನೋ ಅಮೆರಿಕದ ಸ್ಪ್ಯಾನಿಷ್ ವಾಹಿನಿಯದ್ದು. ಮುಖ್ಯ ನಟರು ಮೂವರೂ ಮೆಕ್ಸಿಕೋದವರು, ಚಿತ್ರೀಕರಣ ಮಾತ್ರ ಕೊಲಂಬಿಯಾದಲ್ಲಿ. 2021ರ ‘ಸಿ ನೋಸ್ ದೇಹಾನ್’ ತಂದಿದ್ದು ತೆಲೆವೀಸಾನೇ. ಯಾವ ಕಥೆಯಿಂದ ಎದುರಾಳಿ ಏಟು ಕೊಟ್ಟಿದ್ನೋ ಅದನ್ನೇ ಇಪ್ಪತ್ತನಾಲ್ಕು ವರ್ಷ ಆದ್ಮೇಲೆ ಮನೆಗೆ ತಂದ್ಕೊಂಡ್ರು.

ಧಾರವಾಡ_ಪೇಡೆ
ಇಷ್ಟೆಲ್ಲಾ ಯಾಕ್ರೀ? ಸೆಂಟಿಮೆಂಟ್ ಗಟ್ಟಿ ಇದ್ರ ಯಾವ ವಯಸ್ಸಾದ್ರೂ ಓಡತೈತಿ. ಅವರಿಗೂ ಅಷ್ಟ, ನಮಗೂ ಅಷ್ಟ.

ಲೆಕ್ಕದ_ಪುಸ್ತಕ
@ಧಾರವಾಡ_ಪೇಡೆ ಅಷ್ಟು ಸಲೀಸಲ್ಲ. ಕಾಗದದ ಮೇಲಿನ ವಯಸ್ಸು ಬೇರೆ, ತೆರೆ ಮೇಲಿನ ವಯಸ್ಸು ಬೇರೆ. ನಾಯಕಿ, ನಾಯಕ ಮಾಡಿದ ನಟರು ಹುಟ್ಟಿದ ವರ್ಷ ಇಟ್ಕೊಂಡು ಲೆಕ್ಕ ಹಾಕಿ:

1997: ಅರಗೋನ್ ಹುಟ್ಟಿದ್ದು 1953, ತೆಲ್ಚ್ 1962. ಕಥೆಯಲ್ಲಿ ಹದಿನೇಳು, ನಟರ ನಡುವೆ ಒಂಬತ್ತು.
2007: ವಿಕ್ಟೋರಿಯಾ ರುಫೊ 1962, ಮೌರಿಸಿಯೊ ಓಚ್‌ಮನ್ 1977. ಹದಿನೈದು.
2021: ಮೈರೀನ್ ವಿಯಾನುಯೇವಾ 1970, ಮಾರ್ಕುಸ್ ಒರ್ನೆಲ್ಲಾಸ್ 1982. ಹನ್ನೆರಡು.

ನಟರ ಅಂತರ ಅತಿ ಕಡಿಮೆ ಇರೋ ಆವೃತ್ತಿಯಲ್ಲೇ ಕಥೆಯ ಅಂತರ ಹೆಚ್ಚು ಚುಚ್ಚುತ್ತೆ. ಅಂದ್ರೆ ಕೆಲಸ ಮಾಡಿದ್ದು ಪಾತ್ರವರ್ಗ ಅಲ್ಲ, ಬರವಣಿಗೆ.

ಎಡಿಟ್_ಮೇಜು
ಬರವಣಿಗೆ ಮಾತ್ರ ಅಲ್ಲ, ಮೇಕಪ್ ಮತ್ತು ಬೆಳಕು. ನಾಯಕಿ ಮುಖಕ್ಕೆ ಎದುರಿನಿಂದ ಮೆತ್ತನೆ ಬೆಳಕು ಸುರಿದು, ಕಣ್ಣಿನ ಕೆಳಗಿನ ಗೆರೆ ಅಳಿಸಿ, ಕಲರ್ ಕರೆಕ್ಷನ್ನಲ್ಲಿ ಚರ್ಮ ನಯ ಮಾಡಿದ್ರೆ ಐವತ್ತು ಹೋಗಿ ಮೂವತ್ತೆಂಟು ಆಗುತ್ತೆ. ಆಮೇಲೆ ತಾಯಿ, ಮಕ್ಕಳು, ನೆರೆಹೊರೆ ಯಾಕೆ ಬಾಯಿ ಬಡ್ಕೊಳ್ತಿದ್ದಾರೆ ಅಂತ ನೋಡೋರಿಗೆ ಅರ್ಥ ಆಗಲ್ಲ. ಹೊಸ ಸೀರಿಯಲ್‌ಗಳು ಬೀಳೋದು ಇಲ್ಲೇ. ಬೆಳಿಗ್ಗೆ ಎದ್ದ ನಾಯಕಿ ಕೂದಲಿಗೆ ಆಗಲೇ ಬ್ಲೋ ಡ್ರೈ ಆಗಿರುತ್ತೆ. ಒಂದು ಪಾಸ್‌ನಲ್ಲಿ ಸ್ಕಿನ್ ಸ್ಮೂದಿಂಗ್ ತೆಗೆಸಿ, ಎದುರಿನ ಬೆಳಕು ಕಡಿಮೆ ಮಾಡಿ ಪಕ್ಕದಿಂದ ಬೆಳಕು ಕೊಟ್ಟು ನೋಡಿ, ಸಂಭಾಷಣೆ ಮುಟ್ಟದೆಯೇ ದೃಶ್ಯದ ತೂಕ ಬದಲಾಗುತ್ತೆ.

ಕರಾವಳಿ_ಮಳೆ
ಒಂದು ಸ್ವಾರಸ್ಯ ಉಂಟು ಮಾರಾಯ್ರೆ. ಗಂಡ ಇಗ್ನಾಸಿಯೊ ಆಗಿ ಮಾಡಿದ ಫರ್ನಾಂದೊ ಲುಹಾನ್, ಅವನ ಚಿಕ್ಕ ಪ್ರಾಯದ ಪ್ರೇಯಸಿ ಡಾನಿಯೆಲಾ ಆಗಿ ಮಾಡಿದ ಮಾರ್ತಾ ಮರಿಯಾನಾ ಕಾಸ್ತ್ರೊ, ಇಬ್ಬರೂ ನಿಜ ಜೀವನದಲ್ಲಿ ಗಂಡ-ಹೆಂಡತಿ ಆಗಿದ್ದವರು. ವಯಸ್ಸಿನ ಅಂತರ ಎರಡು ದಶಕಕ್ಕಿಂತ ಜಾಸ್ತಿ. ಅದಕ್ಕೆ ಯಾರೂ ಹುಬ್ಬು ಹಾರಿಸಲಿಲ್ಲ ನೋಡಿ! ಗಂಡಸು ದೊಡ್ಡವ ಆದರೆ ಅದು ಸುದ್ದಿಯೇ ಅಲ್ಲ.

ಹಳೇ_ಆಂಟೆನಾ
@ಕರಾವಳಿ_ಮಳೆ ಸರಿಯಾದ ಜಾಗಕ್ಕೆ ಬಂದ್ರಿ. ಮೆಕ್ಸಿಕೋದ ಮೊಟ್ಟಮೊದಲ ಟೆಲಿನೊವೆಲಾನೇ ವಯಸ್ಸಿನ ಅಂತರದ್ದು. 1958ರ ‘ಸೆಂದಾ ಪ್ರೊಹಿಬಿದಾ’, ಬರೆದವರು ಫರ್ನಾಂದಾ ವಿಯೇಲಿ, ಪ್ರಾಯೋಜಕರು ಕೋಲ್ಗೇಟ್-ಪಾಮೊಲಿವ್. ಅರ್ಧ ಗಂಟೆ, ನೇರ ಪ್ರಸಾರ. ಮದುವೆಯಾದ ದೊಡ್ಡ ವಯಸ್ಸಿನ ಗಂಡಸು, ಅವನ ಬೆನ್ನುಬಿದ್ದ ಯುವ ಕಾರ್ಯದರ್ಶಿ. ಆ ಯುವತಿಯಾಗಿ ಸಿಲ್ವಿಯಾ ದೆರ್ಬೆಸ್. ತಪ್ಪೆಲ್ಲ ಹುಡುಗಿಯದು ಅನ್ನೋ ಧಾಟಿ. ಸುಮಾರು ನಲವತ್ತು ವರ್ಷ ಆದ್ಮೇಲೆ ‘ಮಿರಾದಾ’ ಅದೇ ತ್ರಿಕೋನ ತಗೊಂಡು, ಮನೇಲಿ ಉಳಿದುಹೋದ ಹೆಂಡತಿ ಕಡೆ ಕ್ಯಾಮೆರಾ ತಿರುಗಿಸ್ತು. ಆ ಹೆಂಡತಿಗೂ ಒಬ್ಬ ಚಿಕ್ಕವನು ಸಿಕ್ಕಾಗಲೇ ಜಗಳ ಶುರು.

ಒನ್‌ಲೈನ್_ರಾಯರು
ಇದು ಬಹಳ ಉಪಯೋಗ ಆಯ್ತು. ಗಂಡನ ಸಂಬಂಧ, ಹೆಂಡತಿಯ ಸಂಬಂಧ ಎರಡೂ ಒಟ್ಟಿಗೆ ಓಡ್ಬೇಕು ಅಂತಾಯ್ತು. ಯಾವುದು ಮೊದಲು ಬರ್ಬೇಕು ಅನ್ನೋದು ಅಷ್ಟು ಮುಖ್ಯನಾ?

ಸೀನ್_ನಂಬರ್_ಹದಿನಾಲ್ಕು
ಅದೇ ಎಲ್ಲಕ್ಕಿಂತ ಮುಖ್ಯ. ಗಂಡ ಮೊದಲು ಮನೆ ಬಿಡಬೇಕು. ನಾಯಕ ಆಮೇಲೆ ಹತ್ತಿರ ಬರಬೇಕು. ಈ ಎರಡರ ನಡುವೆ ನಾಯಕಿ ಒಂಟಿಯಾಗಿ ಇರೋ ಕಂತುಗಳು ಬೇಕು, 80ರ ಲೆಕ್ಕದಲ್ಲಿ ಕಡಿಮೆ ಅಂದ್ರೂ ಆರೇಳು. ಹೆಚ್ಚಿನವರು ಅವಸರ ಬಿದ್ದು ಮೂರನೇ ಕಂತಿಗೇ ನಾಯಕನನ್ನು ತಂದು ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಿಸ್ತಾರೆ. ಆಗ ನೋಡೋರು ಇಬ್ಬರ ತಪ್ಪನ್ನೂ ತಕ್ಕಡಿಗೆ ಹಾಕಿ ಸಮ ಮಾಡಿಬಿಡ್ತಾರೆ, ಅವಳ ಪರ ನಿಲ್ಲೋಕೆ ಯಾರೂ ಉಳಿಯಲ್ಲ. ನಾಯಕನ ಮುಖ ಪರಿಚಯ ಮೊದಲೇ ಆಗಲಿ, ತೊಂದರೆ ಇಲ್ಲ. ಅವನಿಗೆ ಅವಳ ಮೇಲೆ ಮನಸ್ಸು ಇರಲಿ, ಅವಳಿಗೆ ಅವನ ಹೆಸರೂ ನೆನಪಿರಬಾರದು.

ಇನ್ನು ನೀವು ಕೇಳಿದ ‘ಎಲ್ಲಿ ಹಿಡಿದು ಎಲ್ಲಿ ಬಿಡಬೇಕು’:

ಮೊದಲ ವಾರದ ಐದು ಕಂತು ಬಿಡದೆ ನೋಡಿ. ಮಾತು ಅರ್ಥ ಆಗದಿದ್ದರೂ ಪರವಾಗಿಲ್ಲ, ಮೊದಲ ಸಲ ಧ್ವನಿ ಆರಿಸಿಯೇ ನೋಡಿ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಊಟದ ಮೇಜಿನ ತಲೆಯಲ್ಲಿ ಯಾರು ಅಂತ ಬರ್ಕೊಳ್ಳಿ. ಆಮೇಲೆ ಗಂಡ ಹೋದ ಕಂತು, ಮಕ್ಕಳಿಗೆ ಹೊಸ ಸಂಬಂಧ ಗೊತ್ತಾಗೋ ಕಂತು, ಗಂಡ ವಾಪಸ್ ಬರೋಕೆ ನೋಡೋ ಕಂತು. ಒಂದೊಂದಕ್ಕೂ ಹಿಂದಿನ ಎರಡು, ಮುಂದಿನ ಎರಡು ಸೇರಿಸಿ. ಕಡೆಗೆ ಕೊನೆಯ ಎರಡು ವಾರ.

ನೋಡ್ತಾ ಒಂದು ಹಾಳೆ ಮೇಲೆ ಕೋಷ್ಟಕ ಹಾಕಿ. ಅಡ್ಡಸಾಲಲ್ಲಿ ಗುಟ್ಟುಗಳು, ಉದ್ದಸಾಲಲ್ಲಿ ಪಾತ್ರಗಳು, ಯಾವ ಕಂತಲ್ಲಿ ಯಾರಿಗೆ ಗೊತ್ತಾಯ್ತು ಅನ್ನೋ ಸಂಖ್ಯೆ ಪೆಟ್ಟಿಗೆಯೊಳಗೆ. ಟೆಲಿನೊವೆಲಾ ಅಂದ್ರೆ ಅಷ್ಟೇ, ಗೊತ್ತಿಲ್ಲದವರ ಸಂಖ್ಯೆ ದಿನದಿನಕ್ಕೆ ಕಡಿಮೆ ಆಗ್ತಾ ಹೋಗೋದು. ನಿಮ್ಮ ಕಥೆಗೆ ಈ ಕೋಷ್ಟಕ ಹಾಕಿದಾಗ ಹತ್ತು ಕಂತು ಪೂರ್ತಿ ಯಾವ ಪೆಟ್ಟಿಗೆಯೂ ತುಂಬದೆ ಹೋದ್ರೆ ಆ ಹತ್ತು ಕಂತು ಬರೀ ಎಳೆದಾಟ ಅಂತ ತಿಳ್ಕೊಳ್ಳಿ.

ಧಾರವಾಡ_ಪೇಡೆ
ಧ್ವನಿ ಆರಿಸಿ ನೋಡೂದು! ಅದೊಂದು ಹೊಸಾದು ಬಿಡ್ರಿ. ಆದ್ರ ಗುಟ್ಟು ಮೊದಲ ಯಾರಿಗೆ ಗೊತ್ತಾಗ್ಬೇಕು ಅನ್ನೂದ ಹೇಳಲಿಲ್ಲ ನೀವು.

ಸೀನ್_ನಂಬರ್_ಹದಿನಾಲ್ಕು
@ಧಾರವಾಡ_ಪೇಡೆ ನೋವು ಕಡಿಮೆ ಕೊಡೋರಿಂದ ಹೆಚ್ಚು ಕೊಡೋರ ಕಡೆಗೆ. ಗೆಳತಿ ಮೊದಲು, ಅವಳು ನಗ್ತಾಳೆ. ನಂತರ ಒಬ್ಬ ಮಗಳು, ಅವಳು ಸುಮ್ಮನಾಗ್ತಾಳೆ. ನಂತರ ಗಂಡ. ಅವನು ಬೇರೆಯವಳ ಮನೇಲಿ ಇದ್ಕೊಂಡೇ ಕೂಗಾಡ್ತಾನೆ, ಅದು ಒಂದು ವಾರಕ್ಕೆ ಸಾಕಾಗೋ ದೃಶ್ಯ. ನಾಯಕಿಯ ತಾಯಿಗೆ ಎಲ್ಲರಿಗಿಂತ ಕೊನೆಗೆ. ‘ಮಿರಾದಾ’ದಲ್ಲಿ ಮಾಮಾ (ಅಂದ್ರೆ ಅಮ್ಮ) ಎಲೆನಾ ಪಾತ್ರ ಅದಕ್ಕೇ ಅಷ್ಟು ಭಾರ. ಐವತ್ತಾದ ಮಗಳನ್ನು ಹದಿನಾರರ ಹುಡುಗಿ ಥರ ಗದರಿಸೋ ಮುದುಕಿ. ಹಾಗಾಗಿ ಈ ಪ್ರೀತಿ ಇಬ್ಬರ ನಡುವಿನದ್ದಷ್ಟೇ ಅಲ್ಲ, ಅಜ್ಜಿ, ತಾಯಿ, ಮಕ್ಕಳು ಮೂರು ತಲೆಮಾರಿನ ಜಗಳ.

ಕರಾವಳಿ_ಮಳೆ
ಮಾಮಾ ಎಲೆನಾ ಆಗಿ ಮಾಡಿದವರು ಎವಾಂಹೆಲಿನಾ ಎಲಿಸೊಂದೊ. ಡಿಸ್ನಿಯ ‘ಸಿಂಡರೆಲ್ಲಾ’ ಸ್ಪ್ಯಾನಿಷ್‌ಗೆ ಡಬ್ ಆದಾಗ ಸಿಂಡರೆಲ್ಲಾಳ ಧ್ವನಿ ಅವರದ್ದೇ. ರಾಜಕುಮಾರನನ್ನು ಕಾದ ಧ್ವನಿಯಲ್ಲೇ ಮಗಳಿಗೆ “ಈ ವಯಸ್ಸಲ್ಲಿ ನಿನಗೆ ಬೇಕಿತ್ತಾ” ಅಂತ ಬೈಗುಳ.

ಕೈಟ್ಸ್_ಫ್ಯಾನ್
ಮಗಳು ಮೊನಿಕಾ ಪಾತ್ರ ಬಾರ್ಬರಾ ಮೋರಿ ಮಾಡಿದ್ದು ಅಲ್ವಾ? 2010ರ ‘ಕೈಟ್ಸ್’ನಲ್ಲಿ ಹೃತಿಕ್ ಜೊತೆ ಇದ್ದವರು?

ಹಳೇ_ಆಂಟೆನಾ
ಅವರೇ. ಹುಟ್ಟಿದ್ದು ಉರುಗ್ವೆಯಲ್ಲಿ, ಹೆಸರು ಮಾಡಿದ್ದು ಮೆಕ್ಸಿಕೋದಲ್ಲಿ. 2004ರ ‘ರುಬಿ’ ಅವರನ್ನು ಇನ್ನೂ ದೊಡ್ಡ ತಾರೆ ಮಾಡ್ತು.

ರಿಮೋಟ್_ಯಾರ_ಕೈಲಿ
ನಮ್ಮ ‘ಜಸ್ಸಿ ಜೈಸಿ ಕೋಯಿ ನಹೀ’ ಕೂಡ ಮೆಕ್ಸಿಕೋದ್ದೇ ತಾನೆ.

ಹಳೇ_ಆಂಟೆನಾ
ಅದೂ ಕೊಲಂಬಿಯಾ! ಫರ್ನಾಂದೊ ಗೈತಾನ್ ಬರೆದ ‘ಯೊ ಸೊಯ್ ಬೆತ್ತಿ, ಲಾ ಫೇಯಾ’, 1999. ಮೆಕ್ಸಿಕೋದವರು ಅದನ್ನು ಮಾಡ್ಕೊಂಡಿದ್ದು 2006ರಲ್ಲಿ, ಹಿಂದಿಯವರು 2003ರಲ್ಲೇ ಮುಗಿಬಿದ್ದಿದ್ರು. ಮೆಕ್ಸಿಕೋದಿಂದ ನೇರವಾಗಿ ನಮಗೆ ಬಂದಿದ್ದು ಬೇರೆ. ಮಿಗೆಲ್ ಸಾಬಿದೊ ಅನ್ನೋರು ತೆಲೆವೀಸಾದಲ್ಲಿ 1975ರಿಂದ ಸಾಕ್ಷರತೆ, ಕುಟುಂಬ ಯೋಜನೆ ಇಟ್ಕೊಂಡು ಟೆಲಿನೊವೆಲಾ ಮಾಡ್ತಿದ್ರು. ಆಗಿನ ವಾರ್ತಾ ಮಂತ್ರಿ ವಸಂತ ಸಾಠೆ ಮೆಕ್ಸಿಕೋಗೆ ಹೋಗಿ ಅದನ್ನು ನೋಡಿ ಬಂದ ಮೇಲೆ ದೂರದರ್ಶನದಲ್ಲಿ 1984ರ ಜುಲೈ 7ಕ್ಕೆ ‘ಹಮ್ ಲೋಗ್’ ಶುರುವಾಯ್ತು. ಕಂತಿನ ಕೊನೇಲಿ ಅಶೋಕ್ ಕುಮಾರ್ ಬಂದು ಮಾತಾಡ್ತಿದ್ರಲ್ಲ, ಕಡೇಲಿ ಒಬ್ಬ ಹೆಸರಾಂತ ವ್ಯಕ್ತಿ ಬಂದು ಕಥೆಯನ್ನು ಜನರ ಬದುಕಿಗೆ ಜೋಡಿಸೋ ಆ ಪದ್ಧತಿಯೂ ಸಾಬಿದೊ ವಿಧಾನದ್ದೇ.

ಸೀನ್_ನಂಬರ್_ಹದಿನಾಲ್ಕು
ಸಾಬಿದೊ ವಿಧಾನ ರಾಯರ ಕೆಲಸಕ್ಕೂ ಬರುತ್ತೆ. ಅವರ ಪ್ರಕಾರ ಪಾತ್ರ ಮೂರು ಬಗೆ: ಒಳ್ಳೇದರ ಪರ ಇರೋರು, ವಿರುದ್ಧ ಇರೋರು, ನಡುವೆ ತೂಗಾಡೋರು. ನೋಡೋರು ಬದಲಾಗೋದು ಮೂರನೆಯವರ ಜೊತೆ. ಹಾಗಾಗಿ ನಾಯಕಿ ಭಾಷಣ ಬಿಗಿದು ಏನೂ ಪ್ರಯೋಜನ ಇಲ್ಲ. ತೂಗಾಡೋ ಕೆಲಸ ಮಗನಿಗೆ ಕೊಡಿ. ಅಪ್ಪನನ್ನು ಎರಡೇ ವಾರಕ್ಕೆ ಕ್ಷಮಿಸಿದ ಮಗ ಅಮ್ಮನನ್ನು ಕ್ಷಮಿಸೋಕೆ ನಲವತ್ತು ಕಂತು ತಗೋಬೇಕು.

ರಿಮೋಟ್_ಯಾರ_ಕೈಲಿ
‘ಮಿರಾದಾ’ ಸಾಬಿದೊ ಅವರದ್ದಲ್ಲ. ಬೋಧನೆಗೆ ಮಾಡಿದ್ದೂ ಅಲ್ಲ. ಎರಡನ್ನೂ ಕಲಸಬೇಡಿ.

ಸೀನ್_ನಂಬರ್_ಹದಿನಾಲ್ಕು
ಅವರದ್ದು ಅಂತ ಯಾರು ಹೇಳಿದ್ರು? ಸಲಕರಣೆ ಯಾರದಾದ್ರೇನು ಸಾರ್, ಕೆಲಸ ನಡೆದ್ರೆ ಸಾಕು.

ಕರಿಕೋಟು
ಇಷ್ಟು ಹೊತ್ತು ಯಾರೂ ಕಾನೂನಿನ ಸುದ್ದಿ ಎತ್ತಲಿಲ್ಲ, ಅಚ್ಚರಿ. 1997ರ ಆವೃತ್ತಿಯಲ್ಲಿ ಭಯ ಯಾಕೆ ಅಷ್ಟು ಗಟ್ಟಿ ಅಂದ್ರೆ, ಆಗ ಮೆಕ್ಸಿಕೋದಲ್ಲಿ ಒಬ್ಬರು ಒಪ್ಪದಿದ್ದರೆ ವಿಚ್ಛೇದನಕ್ಕೆ ಕಾರಣ ತೋರಿಸಬೇಕಿತ್ತು, ವ್ಯಭಿಚಾರ ಅಂಥ ಕಾರಣಗಳಲ್ಲೊಂದು. ಅದಲ್ಲದೆ ದಂಡ ಸಂಹಿತೆಯಲ್ಲೂ ವ್ಯಭಿಚಾರ ಅಪರಾಧ. ಸಂಸಾರದ ಮನೆಯಲ್ಲೇ ನಡೆದಿದ್ದರೆ ಅಥವಾ ಊರಿಗೆಲ್ಲ ರಂಪ ಆಗಿದ್ದರೆ ಎರಡು ವರ್ಷದವರೆಗೆ ಜೈಲು. ಗಂಡಸು, ಹೆಂಗಸು ಇಬ್ಬರಿಗೂ ಅನ್ವಯ. ಗಂಡ ಬೇರೆ ವಕೀಲ! ಇನ್ನೂ ವಿಚ್ಛೇದನ ಆಗದ ಹೆಂಡತಿ ಯಾರ ಜೊತೆ, ಎಲ್ಲಿ, ಯಾವ ಹೊತ್ತಲ್ಲಿ ಕಾಣಿಸ್ಕೊಂಡಳು ಅನ್ನೋದೇ ಕೇಸಿನ ಸಾಮಗ್ರಿ.

ಮೆಕ್ಸಿಕೋ ನಗರದಲ್ಲಿ ಕಾರಣ ಹೇಳದೆ ವಿಚ್ಛೇದನ ಪಡೆಯೋ ಅವಕಾಶ ಬಂದಿದ್ದು 2008ರಲ್ಲಿ. ಸಂಯುಕ್ತ ದಂಡ ಸಂಹಿತೆಯಿಂದ ವ್ಯಭಿಚಾರದ ಕಲಮು ಹೋಗಿದ್ದು 2011ರಲ್ಲಿ. 2021ರ ನಾಯಕಿಗೆ ಆ ಕತ್ತಿ ತಲೆ ಮೇಲೆ ಇಲ್ಲ. ಅವಳು ಒಂದು ಅರ್ಜಿ ಹಾಕಿ ಹೊರಗೆ ಬರಬಹುದು. ಹಾಗಾಗಿ ಅಡ್ಡಿಗಳನ್ನು ಹೊರಗಿಂದ ತರಬೇಕಾಗುತ್ತೆ, ಮಾನ, ಉದ್ಯೋಗ, ಮೊಬೈಲಿನ ವೀಡಿಯೊ ಅಂತ. ನಕಲು ಮಾಡೋರು ಹಳೇ ದೃಶ್ಯ ಎತ್ತಿಕೊಂಡು ಹೊಸ ಕಾಲದಲ್ಲಿ ಇಟ್ರೆ ಪಾತ್ರಗಳು ಸುಮ್ಮನೆ ಹೆದರಿದ ಹಾಗೆ ಕಾಣುತ್ತೆ.

ಧಾರವಾಡ_ಪೇಡೆ
ನಮ್ಮ ಐಪಿಸಿ 497ನೇ ಕಲಮು ಅಂತೂ ವ್ಯಭಿಚಾರಕ್ಕ ಗಂಡಸರಿಗಷ್ಟ ಶಿಕ್ಷೆ ಕೊಡ್ತಿತ್ತು. ಸುಪ್ರೀಂ ಕೋರ್ಟ್ 2018ರಾಗ ತೆಗೆದು ಒಗೀತು.

ಕರಿಕೋಟು
ತೆಗೆದಿದ್ದು ಅಪರಾಧ ಅನ್ನೋದನ್ನು ಮಾತ್ರ. ವಿಚ್ಛೇದನಕ್ಕೆ ಕಾರಣವಾಗಿ ಅದು ಈಗಲೂ ಇದೆ. ನಿಮ್ಮ ಕಥೆ ಇಲ್ಲಿ ನಡೆಯೋದಾದ್ರೆ ಈ ವ್ಯತ್ಯಾಸದಲ್ಲೇ ಹತ್ತು ಕಂತು ಸಿಗುತ್ತೆ ರಾಯರೇ. ಜೀವನಾಂಶದ ಅರ್ಜಿಗೆ ಹೆಂಡತಿ ‘ಬೇರೆಯವನ ಜೊತೆ ಇದ್ದಾಳೆ’ ಅನ್ನೋ ತಕರಾರು ಗಂಡನ ಕಡೆಯಿಂದ ಬಂದೇ ಬರುತ್ತೆ, ಅವನು ತಾನೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ರೂ.

ರಿಮೋಟ್_ಯಾರ_ಕೈಲಿ
ಚರ್ಚೆ ಟೆಲಿನೊವೆಲಾಗೆ ವಾಪಸ್ ಬರಲಿ. ತೆಲೆವೀಸಾ ನಟರ ಕಿವಿಯಲ್ಲಿ ಯಂತ್ರ ಇರುತ್ತೆ, ಯಾರೋ ಹಿಂದಿನಿಂದ ಸಂಭಾಷಣೆ ಹೇಳ್ಕೊಡ್ತಾರೆ ಅನ್ನೋದು ನಿಜವಾ?

ಎಡಿಟ್_ಮೇಜು
ನಿಜ. ‘ಚೀಚರೊ’ ಅಂತಾರೆ. ಕಿವಿಯೊಳಗೆ ಕೂರೋ ಪುಟ್ಟ ರಿಸೀವರ್, ಪ್ರಾಂಪ್ಟರ್ ಬೇರೆ ಕಡೆ ಕೂತು ಸಾಲು ಸಾಲಾಗಿ ಓದ್ತಾ ಹೋಗ್ತಾನೆ, ಯಾವ ಕಡೆ ನಡೆಯಬೇಕು ಅನ್ನೋದನ್ನೂ ಹೇಳಬಹುದು. ಸ್ಟುಡಿಯೊದಲ್ಲಿ ಮೂರು ಕ್ಯಾಮೆರಾ ಒಟ್ಟಿಗೆ ಓಡ್ತಿರುತ್ತೆ, ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ದೃಶ್ಯ ತೆಗೀಬೇಕು, ಬಾಯಿಪಾಠಕ್ಕೆ ಸಮಯ ಎಲ್ಲಿ? ಅಡ್ಡ ಪರಿಣಾಮ ಗೊತ್ತಾಗುತ್ತೆ. ಎದುರಿನವರ ಮಾತು ಮುಗಿದ ಮೇಲೆ ಅರ್ಧ ಕ್ಷಣ ಖಾಲಿ, ಕಣ್ಣು ಒಂದೇ ಕಡೆ ನೆಟ್ಟಿರುತ್ತೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡೋದೇ ಇಲ್ಲ. ಮನೆ ಜಗಳದ ದೃಶ್ಯಕ್ಕೆ ಇದು ವಿಷ. ಗಂಡ-ಹೆಂಡತಿ ಸರದಿ ಪ್ರಕಾರ ಜಗಳ ಆಡ್ತಾರಾ?

ಸೀನ್_ನಂಬರ್_ಹದಿನಾಲ್ಕು
ಎಲ್ಲರನ್ನೂ ಅದಕ್ಕೆ ಕಟ್ಟಬೇಡಿ. ಅಭ್ಯಾಸ ಆದೋರು ಆ ಅರ್ಧ ಕ್ಷಣವನ್ನು ನುಂಗ್ತಾರೆ, ಗೊತ್ತೇ ಆಗಲ್ಲ. ನಮ್ಮ ಕಡೆ ಸೆಟ್‌ನಲ್ಲೇ ಅಸಿಸ್ಟೆಂಟ್ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಕೊಟ್ಟು ಆಮೇಲೆ ಡಬ್ಬಿಂಗ್‌ನಲ್ಲಿ ಸರಿ ಮಾಡೋದಕ್ಕಿಂತ ಅದು ವಾಸಿ.

ಎಡಿಟ್_ಮೇಜು
ವಾಸಿ ಅಂತ ನೀವಂದ್ಕೊಳ್ಳಿ. ಟೈಮ್‌ಲೈನ್ ಮೇಲೆ ಆ ಅರ್ಧ ಕ್ಷಣಗಳನ್ನು ಒಂದೊಂದಾಗಿ ಕತ್ತರಿಸೋದು ನಮ್ಮ ಪಾಲಿಗೆ.

ಒನ್‌ಲೈನ್_ರಾಯರು
ಇನ್ನೊಂದು ಕೇಳ್ತೀನಿ. ನಾಯಕ ತುಂಬ ಒಳ್ಳೆಯವನು ಆಗ್ಬಿಟ್ಟಿದ್ದಾನೆ ನನ್ನ ಕೈಲಿ. ಹಾಡ್ತಾನೆ, ಅಡುಗೆ ಮಾಡ್ತಾನೆ, ಕಾಯ್ತಾನೆ. ಬೇಜಾರು ಹಿಡೀತಿದೆ.

ಲೆಕ್ಕದ_ಪುಸ್ತಕ
ಅವನಿಗೆ ಏನು ಬೇಕು? ಅವಳನ್ನು ಬಿಟ್ಟು?

ಸೀನ್_ನಂಬರ್_ಹದಿನಾಲ್ಕು
ಅದೇ ಪ್ರಶ್ನೆ. ಮೂವತ್ಮೂರರವನಿಗೆ ಮಗು ಬೇಕಾ, ಐವತ್ತರವಳು ಹೆತ್ತು ಮುಗಿಸಿದ್ದಾಳೆ. ಊರು, ತಾಯಿ, ಮಾಜಿ ಗಂಡ ಎಲ್ಲ ಹೊರಗಿನ ಅಡ್ಡಿಗಳು. ಇದು ಒಬ್ಬರದೂ ತಪ್ಪಿಲ್ಲದ ಅಡ್ಡಿ, ಹಾಗಾಗಿ ಬೇಗ ಖರ್ಚು ಮಾಡಬಾರದು. 80 ಕಂತಲ್ಲಿ 55ರ ಮೊದಲು ಆ ಮಾತು ಯಾರ ಬಾಯಲ್ಲೂ ಬರಬಾರದು. ಮೊದಲು ಎತ್ತೋದು ಅವನಲ್ಲ, ಅವಳು. ಅವನು “ನನಗೆ ಬೇಡ” ಅಂತಾನೆ, ಅವಳು ನಂಬಲ್ಲ. ಆ ನಂಬದಿರೋದರಲ್ಲಿ ಉಳಿದ ಇಪ್ಪತ್ತೈದು ಕಂತು ಇದೆ.

ಇನ್ನು ಗಂಡ. ಅವನನ್ನು ರಾಕ್ಷಸ ಮಾಡಬೇಡಿ. ಲುಹಾನ್ ಮಾಡಿದ ಇಗ್ನಾಸಿಯೊ ನೋಡಿದ್ರೆ ಗೊತ್ತಾಗುತ್ತೆ, ತಪ್ಪು ಮಾಡಿದವನು, ಆದ್ರೆ ಮನೆಗೆ ವಾಪಸ್ ಬರೋ ಆಸೆ ನಿಜದ್ದು. ಅವನ ಕಡೆಗೂ ನೋಡೋರ ಮನಸ್ಸು ಸ್ವಲ್ಪ ವಾಲಬೇಕು, ಆಗಲೇ ಅವಳ ಆಯ್ಕೆಗೆ ಬೆಲೆ. ಹೊಡೆಯೋ, ಕುಡಿಯೋ ಗಂಡನನ್ನು ಬಿಟ್ಟು ಬರೋದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಕರಾವಳಿ_ಮಳೆ
ಕೊನೆಗೆ ಕ್ಯಾನ್ಸರ್, ಅಪಘಾತ ಅಂತ ಒಬ್ಬರನ್ನು ಕೊಂದು ಕೈ ತೊಳೆಯಬೇಡಿ ಮತ್ತೆ. ಬರೆಯುವವರಿಗೆ ದಾರಿ ಗೊತ್ತಿಲ್ಲದಾಗ ಮಾಡುವ ಕೆಲಸ ಅದು.

ಧಾರವಾಡ_ಪೇಡೆ
ಮತ್ತ ಮದುವಿ ಮಾಡಿ ಮುಗಸಂಗಿಲ್ಲೇನ್ರಿ? ಮಂದಿ ಎಂಬತ್ತು ಕಂತು ನೋಡಿರ್ತಾರ, ಅಕ್ಕಿಕಾಳು ಹಾಕಾಕರ ಬೇಕಲ್ಲ.

ಎಡಿಟ್_ಮೇಜು
ಗಂಡನ ಎರಡನೇ ಮದುವೆಗೆ ಹಾಕಿಸಿ ಅಕ್ಕಿಕಾಳು.

ಧಾರವಾಡ_ಪೇಡೆ
ಹೇ, ಅದು ಭಾರಿ ಆತು!

ಹಳೇ_ಆಂಟೆನಾ
ರಾಯರೇ, ಒಂದು ಎಚ್ಚರಿಕೆ. ‘ಮಿರಾದಾ’ ಗೆದ್ದ ಮೇಲೆ 2003ರಲ್ಲಿ ‘ಎಲ್ ರೆಗ್ರೆಸೊ’ ಅಂತ ಎರಡನೇ ಭಾಗ ಬಂತು. ಹುಡುಕುವಾಗ ಎರಡರ ಕಂತುಗಳೂ ಬೆರೆತು ಬರ್ತವೆ. ಶೀರ್ಷಿಕೆ ನೋಡಿ ಬೇರ್ಪಡಿಸಿ, ಇಲ್ಲದಿದ್ದರೆ ನಿಮ್ಮ ಕೋಷ್ಟಕ ಎಕ್ಕುಟ್ಟಿ ಹೋಗುತ್ತೆ. ಮತ್ತೆ ನಮ್ಮ ಸೀರಿಯಲ್ ಕಂತು ಇಪ್ಪತ್ತೆರಡು ನಿಮಿಷ, 2021ರ ಆವೃತ್ತಿಯದ್ದು ಜಾಹೀರಾತು ತೆಗೆದರೂ ನಲವತ್ತು ದಾಟುತ್ತೆ. ನಿಮ್ಮ 80 ಯಾವ ಲೆಕ್ಕದ್ದು ಅಂತ ಮೊದಲೇ ತೀರ್ಮಾನ ಮಾಡಿ.

ಒನ್‌ಲೈನ್_ರಾಯರು
ಇಪ್ಪತ್ತೆರಡು ನಿಮಿಷದ್ದೇ.

ಸೀನ್_ನಂಬರ್_ಹದಿನಾಲ್ಕು
ಹಾಗಾದ್ರೆ ನಾನು ಹೇಳಿದ ಒಂಟಿತನದ ಆರೇಳು ಕಂತನ್ನು ಹತ್ತು ಮಾಡಿ. ಮಗುವಿನ ಮಾತು 55ರಲ್ಲೇ ಇರಲಿ.